ಬ್ಲೂ ಪೀಟರ್ ಬ್ಯಾಡ್ಜ್ ಹರಾಜಿಗೆ ಬಂದಾಗ ಗೇಟಿನಲ್ಲಿ ಕೆಟ್ಟದ್ದೇನು?

ಬಿಳಿ ಪ್ಲಾಸ್ಟಿಕ್ಕಿನ ಪುಟ್ಟ ಬಿಲ್ಲೆ. ಆಕಾರ ಗುರಾಣಿಯದು, ಮೇಲೆ ಹಾಯಿ ಬಿಚ್ಚಿದ ನೀಲಿ ಹಡಗು, ಹಿಂದೆ ಅಂಗಿಗೆ ಸಿಕ್ಕಿಸಲು ಪಿನ್ನು. ಬರಿಯ ವಸ್ತುವೆಂದು ನೋಡಿದರೆ ಕೋಟಿನ ಗುಂಡಿಗಿರುವಷ್ಟು ಬೆಲೆಯೂ ಇದಕ್ಕಿಲ್ಲ. ಆದರೂ ಬ್ರಿಟನ್ನಿನಲ್ಲಿ ಬಾಲ್ಯ ಕಳೆದವರ ಎದುರು ಇದನ್ನು ಇಟ್ಟು ನೋಡಿ: ಸಿಕ್ಕವರು ಯಾವುದಕ್ಕೆ ಸಿಕ್ಕಿತೆಂದು ಹೇಳುತ್ತಾರೆ, ಸಿಗದವರು ಎಷ್ಟು ಸಲ ಪತ್ರ ಬರೆದಿದ್ದೆವೆಂದು ಹೇಳುತ್ತಾರೆ.

ಬಿಬಿಸಿಯ ಮಕ್ಕಳ ಕಾರ್ಯಕ್ರಮ ಬ್ಲೂ ಪೀಟರ್ 1958ರ ಅಕ್ಟೋಬರ್ 16ರಂದು ಶುರುವಾಯಿತು. ಮಕ್ಕಳ ಟಿವಿಯಲ್ಲಿ ಇಷ್ಟು ಕಾಲ ನಡೆದುಬಂದದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ. ಬಂದರು ಬಿಡಲು ಸಿದ್ಧವಾದ ಹಡಗು ಏರಿಸುವ ನೀಲಿ ಬಾವುಟದ ಹೆಸರೇ ಕಾರ್ಯಕ್ರಮಕ್ಕೂ ಬಂತು. ಹಡಗಿನ ಚಿತ್ರ ಬರೆದವರು ಕಲಾವಿದ ಟೋನಿ ಹಾರ್ಟ್. ಬ್ಯಾಡ್ಜ್ ಕೊಡುವ ರೂಢಿ 1963ರಲ್ಲಿ ಬಂತು. ಒಳ್ಳೆಯ ಪತ್ರ, ಸ್ವಂತ ಕವಿತೆ, ಕೈಯಾರೆ ಮಾಡಿದ ವಸ್ತು, ಕಾರ್ಯಕ್ರಮಕ್ಕೆ ಕೊಟ್ಟ ಹೊಸ ಯೋಚನೆ, ಇಂಥವಕ್ಕೆ ನೀಲಿ. ನೀಲಿ ಪಡೆದ ಮೇಲೆ ಬೇರೆಯದೇ ಬಗೆಯ ಪ್ರಯತ್ನ ಮಾಡಿ ತೋರಿಸಿದರೆ ಬೆಳ್ಳಿ. ಪರಿಸರದ ಕೆಲಸಕ್ಕೆ ಹಸಿರು, ಇದು 1988ರಲ್ಲಿ ಸೇರಿದ್ದು. ಚಿನ್ನದ್ದು ಅಪರೂಪ. ಜೀವ ಉಳಿಸಿದ ಮಕ್ಕಳಿಗೂ ದೊಡ್ಡ ಸಾಧನೆ ಮಾಡಿದವರಿಗೂ ಅದು ಮೀಸಲು. ಎರಡನೇ ಎಲಿಜಬೆತ್ ರಾಣಿ, ಡೇವಿಡ್ ಅಟೆನ್‌ಬರೊ, ಡೇವಿಡ್ ಬೆಕಮ್, ಗ್ರೇಟಾ ಥುನ್‌ಬರ್ಗ್ ಆ ಪಟ್ಟಿಯಲ್ಲಿದ್ದಾರೆ.

ಬ್ಯಾಡ್ಜ್ ಪಡೆದ ಮಗುವಿಗೆ ಗೌರವದ ಜೊತೆ ಇನ್ನೊಂದು ಲಾಭವೂ ಉಂಟು. 16 ತುಂಬುವವರೆಗೆ ದೇಶದ ಪ್ರಾಣಿಸಂಗ್ರಹಾಲಯ, ಕೋಟೆ, ವಸ್ತುಸಂಗ್ರಹಾಲಯ ಮುಂತಾದ 200ಕ್ಕೂ ಹೆಚ್ಚು ಕಡೆ ಟಿಕೆಟ್ ಕೊಳ್ಳಬೇಕಿಲ್ಲ. ರಗಳೆ ಹುಟ್ಟಿದ್ದು ಈ ಲಾಭದಿಂದ. 2006ರ ಮಾರ್ಚ್‌ನಲ್ಲಿ ಹರಾಜು ತಾಣ ಈಬೇಯಲ್ಲಿ ಬ್ಯಾಡ್ಜುಗಳು ಮಾರಾಟಕ್ಕಿರುವುದು ಕಣ್ಣಿಗೆ ಬಿತ್ತು, ಬಿಬಿಸಿ ಉಚಿತ ಪ್ರವೇಶವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಜೂನ್‌ನಲ್ಲಿ ಅದು ಮತ್ತೆ ಶುರುವಾದಾಗ ಬ್ಯಾಡ್ಜಿನ ಜೊತೆಗೆ ಒಂದು ಗುರುತಿನ ಕಾರ್ಡ್ ತೋರಿಸುವುದು ಕಡ್ಡಾಯವಾಗಿತ್ತು. ಆ ವರ್ಷದ ಈಸ್ಟರ್ ಬಂದದ್ದು ಏಪ್ರಿಲ್ 16ಕ್ಕೆ. ಮಕ್ಕಳಿಗೆ ರಜೆ, ಊರೂರು ಸುತ್ತುವ ಕಾಲ, ಆಗಲೇ ಬ್ಯಾಡ್ಜ್ ಕೆಲಸಕ್ಕೆ ಬಾರದೆ ಕೂತಿತ್ತು. ಯಾರೋ ಕೆಲವರು ಮಾರಿದ್ದಕ್ಕೆ ನ್ಯಾಯವಾಗಿ ಗಳಿಸಿದ ಮಕ್ಕಳೆಲ್ಲ ದಂಡ ತೆತ್ತರು.

ಮಾರಿದವರ ದುರಾಸೆ ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ದುರಾಸೆ 1963ರಲ್ಲೂ ಇತ್ತು. ಆಗ ಕೆಡದ ವ್ಯವಸ್ಥೆ ನಲವತ್ತು ವರ್ಷ ದಾಟಿದ ಮೇಲೆ ಏಕೆ ಕೆಟ್ಟಿತು ಎಂಬುದು ನಿಜವಾದ ಪ್ರಶ್ನೆ.

ಒಂದೇ ಪಿನ್ನು, ಎರಡು ಕೆಲಸ

ಬ್ಯಾಡ್ಜ್ ಹೇಳುತ್ತಿದ್ದದ್ದು ಎರಡು ಮಾತು. ಮೊದಲನೆಯದು, 'ಈ ಮಗು ಏನೋ ಒಳ್ಳೆಯದು ಮಾಡಿದೆ'. ಎರಡನೆಯದು, 'ಈ ಮಗುವನ್ನು ದುಡ್ಡಿಲ್ಲದೆ ಒಳಗೆ ಬಿಡಿ'. ಮೊದಲನೆಯದನ್ನು ಕೊಳ್ಳಲು ಬರುವುದಿಲ್ಲ. ನೂರು ಪೌಂಡ್ ಕೊಟ್ಟು ಬಿಲ್ಲೆ ತಂದರೂ ಕವಿತೆ ಬರೆದ ಮಗು ನಿಮ್ಮದಾಗುವುದಿಲ್ಲ. ಎರಡನೆಯದು ಹಾಗಲ್ಲ, ಅದು ಬಿಲ್ಲೆಯ ಜೊತೆಗೇ ಕೈ ಬದಲಾಯಿಸುತ್ತದೆ. ನೀಲಿ ಬ್ಯಾಡ್ಜಿನ ಮೇಲೆ ಮಗುವಿನ ಹೆಸರಿಲ್ಲ. ಗೇಟಿನಲ್ಲಿ ನಿಂತವರಿಗೆ ಕಾಣುವುದು ಅಂಗಿಯ ಮೇಲಿನ ಹಡಗು ಮಾತ್ರ.

ಬಸ್ ಟಿಕೆಟ್ಟಿಗೂ ಬಸ್ ಪಾಸಿಗೂ ಇರುವ ಅಂತರವೇ ಇಲ್ಲಿಯೂ ಇರುವುದು. ಟಿಕೆಟ್ ಯಾರ ಕೈಯಲ್ಲಿದೆಯೋ ಅವರದು. ಪಾಸಿಗೆ ಹೆಸರು, ಫೋಟೊ, ಅವಧಿ ಇವೆ, ಬೇರೆಯವರ ಕೈಗೆ ಹೋದರೆ ಅದು ಬರೀ ಕಾಗದ. ಬ್ಲೂ ಪೀಟರ್ ಬ್ಯಾಡ್ಜ್ ಕೊಡುವಾಗ ಪಾಸಿನಂತೆ ಕೊಡಲಾಗುತ್ತಿತ್ತು, ಒಬ್ಬ ಮಗುವಿಗೆ, ಕಾರಣ ನೋಡಿ. ಗೇಟಿನಲ್ಲಿ ಅದು ನಡೆಯುತ್ತಿದ್ದದ್ದು ಟಿಕೆಟ್ಟಿನಂತೆ. ಈ ಬಿರುಕು ಮೊದಲಿನಿಂದಲೂ ಇತ್ತು.

ವಿಚಿತ್ರವೆಂದರೆ ಯಾರಿಗೆ ಯಾವ ಬ್ಯಾಡ್ಜ್ ಹೋಗಿದೆ ಎಂಬ ಲೆಕ್ಕ ಕಾರ್ಯಕ್ರಮದ ಕಚೇರಿಯಲ್ಲಿತ್ತು. 1965ರಿಂದ 1988ರವರೆಗೆ ಸಂಪಾದಕಿಯಾಗಿದ್ದ ಬಿಡ್ಡಿ ಬ್ಯಾಕ್ಸ್ಟರ್ ಚಿಕ್ಕವರಿದ್ದಾಗ ಹೆಸರಾಂತ ಮಕ್ಕಳ ಲೇಖಕಿಯೊಬ್ಬರಿಗೆ ಪತ್ರ ಬರೆದು ಉತ್ತರ ಪಡೆದಿದ್ದರು. ಸಂತೋಷಪಟ್ಟು ಮತ್ತೆ ಬರೆದರೆ ಅಕ್ಷರವೂ ಬದಲಾಗದೆ ಅದೇ ಉತ್ತರ ಮರಳಿ ಬಂತು. ಆ ನಿರಾಸೆ ಮರೆಯದ ಅವರು ಬ್ಲೂ ಪೀಟರ್‌ಗೆ ಬರೆದ ಮಕ್ಕಳ ಹೆಸರಿಗೆಲ್ಲ ಸೂಚಿ ಕಾರ್ಡುಗಳನ್ನು ಮಾಡಿಸಿದರು. ಎರಡನೇ ಪತ್ರ ಬಂದಾಗ ಮೊದಲ ಪತ್ರದ ನೆನಪಿಟ್ಟು ಉತ್ತರ ಬರೆಯಬೇಕು, ಒಂದೇ ಬ್ಯಾಡ್ಜ್ ಒಬ್ಬರಿಗೇ ಎರಡು ಸಲ ಹೋಗಬಾರದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ವಾರ ವಾರ ಬರುತ್ತಿದ್ದ ಸಾವಿರಾರು ಪತ್ರಗಳಿಗೆ ಹೀಗೆ ಲೆಕ್ಕ ಇಟ್ಟದ್ದು ಸಣ್ಣ ಕೆಲಸವಲ್ಲ. ಆದರೆ ಆ ಲೆಕ್ಕ ಇದ್ದದ್ದು ಲಂಡನ್ನಿನ ಕಚೇರಿಯಲ್ಲಿ. ದೂರದ ಕೋಟೆಯ ಟಿಕೆಟ್ ಕೌಂಟರಿನಲ್ಲಿ ಕೂತವರಿಗೆ ಅದನ್ನು ನೋಡುವ ದಾರಿಯೇ ಇರಲಿಲ್ಲ.

ಹಾಗಾದರೆ ಇಷ್ಟು ವರ್ಷ ಹೇಗೆ ನಡೆಯಿತು? ಮಾರುವವನಿಗೂ ಕೊಳ್ಳುವವನಿಗೂ ಭೇಟಿಯೇ ಆಗುತ್ತಿರಲಿಲ್ಲ, ಅದಕ್ಕೆ. ಒಂದು ಊರಿನ ಮನೆಯ ಡ್ರಾಯರಿನಲ್ಲಿ ಬಿದ್ದ ಬ್ಯಾಡ್ಜ್, ಇನ್ನೊಂದು ಊರಿನಲ್ಲಿ ಮೂರು ಮಕ್ಕಳನ್ನು ಝೂಗೆ ಕರೆದೊಯ್ಯಬೇಕಾದ ಅಪ್ಪ, ಇವರಿಬ್ಬರನ್ನು ಜೋಡಿಸಲು ಪತ್ರಿಕೆಯಲ್ಲಿ ಜಾಹೀರಾತು ಹಾಕಿದರೆ ಜಾಹೀರಾತಿನ ಖರ್ಚೇ ಹೆಚ್ಚು. ಈಬೇ ಬ್ರಿಟನ್ನಿಗೆ ಬಂದದ್ದು 1999ರಲ್ಲಿ. ಅಲ್ಲಿಂದ ಮುಂದೆ ಹುಡುಕಾಟದ ಖರ್ಚು ಇಲ್ಲವಾಯಿತು. 'ಬ್ಲೂ ಪೀಟರ್' ಎಂದು ಟೈಪ್ ಮಾಡಿದರೆ ಸಾಕು. ಹಳೆಯ ಬಿರುಕು ಹಾಗೆಯೇ ಇತ್ತು, ಅದರೊಳಗೆ ನೀರು ಹರಿಯತೊಡಗಿತು.

ದುಡ್ಡಿನ ಲೆಕ್ಕ

ಒಂದು ಲೆಕ್ಕ ಹಾಕೋಣ, ಅಂಕಿಗಳು ಉದಾಹರಣೆಗಷ್ಟೇ. ಒಂದು ಪ್ರಾಣಿಸಂಗ್ರಹಾಲಯದಲ್ಲಿ ಮಕ್ಕಳ ಟಿಕೆಟ್ 18 ಪೌಂಡ್. ಒಂದು ಕುಟುಂಬ ವರ್ಷಕ್ಕೆ ಇಂಥ ಐದು ಜಾಗಗಳಿಗೆ ಹೋಗುತ್ತದೆ. ಒಂದು ಮಗುವಿಗೆ ವರ್ಷಕ್ಕೆ 90 ಪೌಂಡ್. ಬರೀ ಬ್ಯಾಡ್ಜ್ ತೋರಿಸಿದರೆ ಒಳಗೆ ಬಿಡುತ್ತಾರೆ ಎಂದಿದ್ದರೆ, 30 ಪೌಂಡಿಗೆ ಕೊಂಡ ಬ್ಯಾಡ್ಜ್ ಎರಡನೇ ಭೇಟಿಗೇ ತನ್ನ ದುಡ್ಡು ವಾಪಸ್ ಕೊಡುತ್ತದೆ. ಕೊಂಡಾಗ ಮಗುವಿಗೆ 7 ವರ್ಷವಾಗಿದ್ದರೆ 16ರವರೆಗೆ ಇನ್ನೂ ಒಂಬತ್ತು ವರ್ಷ, ಅಂದರೆ 810 ಪೌಂಡ್ ಉಳಿತಾಯ. ಆಮೇಲೆ ತಂಗಿಯ ಅಂಗಿಗೆ ಚುಚ್ಚಬಹುದು, ಅವಳಿಗೂ 16 ಆದಮೇಲೆ ಮತ್ತೆ ಮಾರಬಹುದು. ಸವೆಯದ, ಅವಧಿ ಮುಗಿಯದ, ಹೆಸರಿಲ್ಲದ ಟಿಕೆಟ್! ಇದಕ್ಕೆ ಬೆಲೆ ಬರದಿದ್ದರೆ ಆಶ್ಚರ್ಯಪಡಬೇಕಿತ್ತು.

ಮಾರುವವರ ಕಡೆಯಿಂದ ನೋಡಿದರೆ ಬಂಡವಾಳವೇ ಇಲ್ಲ. ಒಂದು ಅಂಚೆಚೀಟಿ, ಮಗುವಿನ ಒಂದು ಮಧ್ಯಾಹ್ನ, ಇಷ್ಟೇ. ಇಲ್ಲಿ ಎರಡು ಬಗೆಯ ಮಾರಾಟಗಾರರನ್ನು ಬೇರೆ ಮಾಡಿ ನೋಡಬೇಕು. ಮನೆ ಖಾಲಿ ಮಾಡುವಾಗ ತಮ್ಮ ಬಾಲ್ಯದ ಬ್ಯಾಡ್ಜ್ ಸಿಕ್ಕಿ ಅದನ್ನು ಮಾರುವವರು ಒಂದು ಬಗೆ. ಹೊಸದಾಗಿ ಬ್ಯಾಡ್ಜ್ ತರಿಸಿಕೊಂಡು ಮಾರಲೆಂದೇ ಮಕ್ಕಳ ಹೆಸರಿನಲ್ಲಿ ಪತ್ರ ಬರೆಯುವ ದೊಡ್ಡವರು ಇನ್ನೊಂದು. ಎರಡನೆಯವರು ಕೆಡಿಸುವುದು ಗೇಟನ್ನು ಮಾತ್ರವಲ್ಲ. ಪತ್ರ ಓದುವವರು ಪ್ರತಿ ಕವಿತೆಯನ್ನೂ 'ಇದು ಮಗುವಿನದೋ, ಅಪ್ಪನದೋ' ಎಂದು ಅನುಮಾನದಿಂದ ನೋಡುವ ಹಾಗೆ ಮಾಡುತ್ತಾರೆ. ಒಂದು ಮಗುವಿಗೆ ಒಂದೇ ನೀಲಿ ಎಂಬ ನಿಯಮ ಈ ದಂಧೆಗೆ ಒಳ್ಳೆಯ ಕಡಿವಾಣ. ಹತ್ತು ಬ್ಯಾಡ್ಜ್ ಬೇಕಾದರೆ ಹತ್ತು ಮಕ್ಕಳ ಹೆಸರು ಬೇಕು, ಹತ್ತೂ ಒಂದೇ ವಿಳಾಸಕ್ಕೆ ಹೋದರೆ ಸೂಚಿಯಲ್ಲಿ ಎದ್ದು ಕಾಣುತ್ತದೆ.

ಈ ಉಡುಗೊರೆಯ ಖರ್ಚು ಹೊರುವವರು ಯಾರು? ಬ್ಯಾಡ್ಜ್ ಕೊಡುವುದು ಬಿಬಿಸಿ, ಟಿಕೆಟ್ ಬಿಟ್ಟುಕೊಡುವುದು ಝೂ ಮತ್ತು ಕೋಟೆ. ಒಬ್ಬರು ಬರೆದ ಚೆಕ್ಕಿಗೆ ಇನ್ನೊಬ್ಬರು ಹಣ ಕೊಟ್ಟ ಹಾಗೆ. ಇದು ಒಳ್ಳೆಯ ಮನಸ್ಸಿನ ಮೇಲೆ ನಿಂತ ಒಪ್ಪಂದ. ಜನವಿಲ್ಲದ ಮಂಗಳವಾರ ಒಂದು ಮಗು ಪುಕ್ಕಟೆ ಒಳಗೆ ಹೋದರೆ ಝೂಗೆ ಬೀಳುವ ಖರ್ಚು ಸೊನ್ನೆಗೆ ಸಮ. ಜೊತೆಗೆ ಬಂದ ಅಮ್ಮ ಪೂರ್ತಿ ಟಿಕೆಟ್ ಕೊಳ್ಳುತ್ತಾರೆ, ಒಳಗೆ ಐಸ್‌ಕ್ರೀಮ್ ಕೊಡಿಸುತ್ತಾರೆ, ಒಟ್ಟಿನಲ್ಲಿ ಲಾಭವೇ. ಈಸ್ಟರ್ ರಜೆಯಲ್ಲಿ ಜಾಗ ತುಂಬಿ ಬಾಗಿಲು ಮುಚ್ಚುವ ದಿನ ಮಾತ್ರ ಅದೇ ಮಗು ದುಡ್ಡು ಕೊಡುವ ಒಬ್ಬರ ಜಾಗ ಹಿಡಿಯುತ್ತದೆ. ಬ್ಯಾಡ್ಜ್ ಹಿಡಿದು ಬರುವವರಲ್ಲಿ ಕೊಂಡವರೆಷ್ಟು, ಗಳಿಸಿದವರೆಷ್ಟು ಎಂಬ ಅನುಮಾನ ಹತ್ತಿದ ಕೂಡಲೆ ಜಾಗ ನಡೆಸುವವರಿಗೆ ಯೋಜನೆಯಿಂದ ಹೊರಬರುವುದೇ ಸುಲಭದ ದಾರಿ. ಒಬ್ಬರು ಹೊರಬಂದರೆ ಪಕ್ಕದವರೂ ಯೋಚಿಸುತ್ತಾರೆ. ಬಿಬಿಸಿ ಒಂದೊಂದು ಪ್ರಕರಣವನ್ನು ಬೆನ್ನಟ್ಟುವ ಬದಲು ಇಡೀ ಸೌಲಭ್ಯವನ್ನೇ ತಡೆಹಿಡಿದದ್ದು ಮಕ್ಕಳಿಗೆ ಕಠಿಣವೆನಿಸಿತು, ಆದರೆ ಪಾಲುದಾರರು ಕೈಬಿಡುವ ಮುಂಚೆ ದುರಸ್ತಿ ಮಾಡಲು ಬೇರೆ ದಾರಿ ಇರಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಗೇಟಿನಲ್ಲಿ ನಿಂತವರ ಪಾಡು

ನಿಯಮ ಬರೆಯುವವರು ಕಚೇರಿಯಲ್ಲಿರುತ್ತಾರೆ, ಅದನ್ನು ನಡೆಸಬೇಕಾದವರು ಕೌಂಟರಿನಲ್ಲಿ. ಅವರ ಎದುರು ಐವತ್ತು ಜನರ ಸಾಲು. ಎಂಟು ವರ್ಷದ ಹುಡುಗಿ ಬ್ಯಾಡ್ಜ್ ತೋರಿಸುತ್ತಾಳೆ. ಇದು ನಿನ್ನದೇನಾ ಎಂದು ಕೇಳಿದರೆ ಹೌದು ಎನ್ನುತ್ತಾಳೆ. ಅಪ್ಪ ಹಾಗೆ ಹೇಳಲು ಕಲಿಸಿದ್ದರೂ ಹೌದು, ಕಲಿಸದಿದ್ದರೂ ಹೌದು. ಇನ್ನೂ ಕೆದಕಿದರೆ ಮಗು ಅಳುತ್ತದೆ, ಸಾಲು ಗೊಣಗುತ್ತದೆ. ಒಳಗೆ ಬಿಟ್ಟರೆ ಕೌಂಟರಿನವರ ಜೇಬಿನಿಂದ ಏನೂ ಹೋಗುವುದಿಲ್ಲ. ಇಂಥ ಸ್ಥಿತಿಯಲ್ಲಿ ಬಹುತೇಕ ಯಾರೇ ಆದರೂ ಒಳಗೆ ಬಿಡುತ್ತಾರೆ. ಆದ್ದರಿಂದ ತಪಾಸಣೆಯ ಭಾರವನ್ನು ಗೇಟಿನವರ ಧೈರ್ಯದ ಮೇಲೆ ಹಾಕಿದ ಯೋಜನೆ ಸೋಲುತ್ತದೆ. ಪ್ರಶ್ನೆ ಕೇಳದೆ, ಒಂದು ನೋಟದಲ್ಲಿ ಉತ್ತರ ಕಾಣುವಂತಿರಬೇಕು.

ಬ್ಯಾಡ್ಜ್ ಕಾರ್ಡ್ ಮಾಡಿದ್ದು ಈ ಕೆಲಸವನ್ನೇ. ಬಿಲ್ಲೆ ಗೌರವಕ್ಕೆ ಉಳಿಯಿತು, ಬಾಗಿಲು ತೆರೆಯುವ ಅಧಿಕಾರ ಕಾರ್ಡಿಗೆ ಹೋಯಿತು. ಕಾರ್ಡ್ ಒಬ್ಬ ನಿರ್ದಿಷ್ಟ ಮಗುವಿನದು, ಬ್ಯಾಡ್ಜ್ ಗಳಿಸಿದವರಿಗಷ್ಟೇ ಅದು ಸಿಗುತ್ತದೆ, 16 ತುಂಬಿದಾಗ ಅದರ ಆಯುಸ್ಸು ಮುಗಿಯುತ್ತದೆ. ಬ್ಯಾಡ್ಜ್ ಇದ್ದು ಕಾರ್ಡ್ ಇಲ್ಲದಿದ್ದರೆ ಟಿಕೆಟ್ ಕೊಳ್ಳಬೇಕು. ಕೌಂಟರಿನವರು ಈಗ 'ಕಾರ್ಡ್ ಇದೆಯಾ' ಎಂದಷ್ಟೇ ಕೇಳಿದರೆ ಸಾಕು. ಮಗುವಿನ ಪ್ರಾಮಾಣಿಕತೆಯ ಮಾತೇ ಬರುವುದಿಲ್ಲ, ಯಾರ ಮಾನವೂ ಹೋಗುವುದಿಲ್ಲ. ಹರಾಜಿನಲ್ಲಿ ಬ್ಯಾಡ್ಜ್ ಕೊಂಡವನ ಕೈಗೆ ಈಗ ಬರುವುದು ಪಿನ್ನಿರುವ ಪ್ಲಾಸ್ಟಿಕ್, ಬಾಗಿಲಿನ ಕೀಲಿ ಬೇರೆ ಕಡೆ ಇದೆ.

ಇದಕ್ಕಿಂತ ಗಟ್ಟಿ ಬೀಗ ಹಾಕಲು ಬರುತ್ತಿತ್ತು. ಪ್ರತಿ ಕಾರ್ಡಿಗೂ ಒಂದು ಸಂಕೇತ, ಗೇಟಿನಲ್ಲಿ ಸ್ಕ್ಯಾನರ್, ಕೇಂದ್ರ ಪಟ್ಟಿಯೊಂದಿಗೆ ಕೂಡಲೇ ಹೋಲಿಕೆ. ಕೇಳಲು ಚೆನ್ನಾಗಿದೆ. ಆದರೆ 200 ಜಾಗಗಳಲ್ಲಿ ದೊಡ್ಡ ಝೂಗಳಂತೆ ಸ್ವಯಂಸೇವಕರು ನಡೆಸುವ ಸಣ್ಣ ಮ್ಯೂಸಿಯಂಗಳೂ ಇರುತ್ತವೆ. ದಪ್ಪ ಕಲ್ಲುಗೋಡೆಯ ಕೋಟೆಯಲ್ಲಿ ಮೊಬೈಲ್ ಸಿಗ್ನಲ್ಲೇ ಸರಿಯಾಗಿ ಸಿಗುವುದಿಲ್ಲ. ಮಕ್ಕಳ ಹೆಸರಿನ ಪಟ್ಟಿಯನ್ನು ಇಷ್ಟು ಕಡೆ ತೆರೆದಿಟ್ಟರೆ ಅದರ ಸುರಕ್ಷತೆ ಇನ್ನೊಂದು ತಲೆನೋವು. ಹದಿನೆಂಟು ಪೌಂಡಿನ ಟಿಕೆಟ್ ಕಾಯಲು ಹಾಕುವ ಬೀಗ ಅದಕ್ಕಿಂತ ದುಬಾರಿಯಾಗಬಾರದು. ಕಾರ್ಡ್ ಅರ್ಧ ದಾರಿಯ ಪರಿಹಾರ, ಈ ಕೆಲಸಕ್ಕೆ ಅಷ್ಟು ಸಾಕು.

ಕಾರ್ಡಿನಿಂದಲೂ ಆಗದ್ದು ಕೆಲವಿದೆ. ಒಂದೇ ಮನೆಯ ಅಕ್ಕತಂಗಿಯರು ಕಾರ್ಡ್ ಅದಲುಬದಲು ಮಾಡಿಕೊಂಡರೆ ಕಂಡುಹಿಡಿಯುವುದು ಕಷ್ಟ. ಫೋಟೊ ಇರುವ ಮಕ್ಕಳ ಕಾರ್ಡ್ ಯಾವುದೇ ಆಗಲಿ ಬೇಗ ಹಳತಾಗುತ್ತದೆ. ಆರನೇ ವಯಸ್ಸಿನ ಮುಖಕ್ಕೂ ಹನ್ನೆರಡರ ಮುಖಕ್ಕೂ ಹೋಲಿಕೆ ಹುಡುಕಬೇಕು. ಇವು ಮನೆಯೊಳಗಿನ ಸಣ್ಣ ಸೋರಿಕೆ, ಮಾರುಕಟ್ಟೆಯಾಗಿ ಬೆಳೆಯುವುದಿಲ್ಲ. ದೊಡ್ಡವರ ಜೊತೆಗೇ ಬರಬೇಕು, ಆ ದೊಡ್ಡವರು ಪೂರ್ತಿ ದುಡ್ಡು ಕೊಡಬೇಕು ಎಂದು ಹಲವು ಜಾಗಗಳು ಹಾಕುವ ಷರತ್ತು ಈ ಸೋರಿಕೆಯ ನಷ್ಟವನ್ನು ಇನ್ನಷ್ಟು ಇಳಿಸುತ್ತದೆ.

ಮಾರುವುದು ಅಪರಾಧವೇ?

ಇಲ್ಲಿ ಜನ ಎರಡು ಸಂಗತಿಗಳನ್ನು ಕಲಸಿಬಿಡುತ್ತಾರೆ. ಬಿಲ್ಲೆ ಮಾರುವುದು ಒಂದು, ಮಾರಿದ ಬಿಲ್ಲೆ ತೋರಿಸಿ ಒಳಗೆ ಹೋಗುವುದು ಇನ್ನೊಂದು.

ಉಡುಗೊರೆಯಾಗಿ ಬಂದ ವಸ್ತು ಪಡೆದವರದು. ನಲವತ್ತು ದಾಟಿದ ಒಬ್ಬರು ಬಾಲ್ಯದಲ್ಲಿ ಗಳಿಸಿದ ಬ್ಯಾಡ್ಜನ್ನು ಮಾರಿದರೆ ಅದು ಅವರ ವಸ್ತು, ಅವರಿಷ್ಟ. ಅಸಭ್ಯ ಎನ್ನಬಹುದು, ಕಳ್ಳತನ ಎನ್ನಲಾಗದು. ಎಂಟು ವರ್ಷದ ಮಗುವಿನ ಬ್ಯಾಡ್ಜನ್ನು ಅಪ್ಪ ಮಾರಿದರೆ? ಈಬೇ ಖಾತೆ ತೆರೆಯಲು 18 ಆಗಿರಬೇಕು, ಹಾಗಾಗಿ ಮಾರಾಟದ ಖಾತೆ ದೊಡ್ಡವರದೇ ಇರುತ್ತದೆ. ಆದರೆ ಬ್ಯಾಡ್ಜ್ ಅಪ್ಪನದಲ್ಲ, ಮಗುವಿನದು. ಆ ಮಾರಾಟವನ್ನು ಯಾರೂ ಕೋರ್ಟಿಗೆ ಒಯ್ಯುವುದಿಲ್ಲ, ಆದರೆ ಮಗು ನೆನಪಿಟ್ಟುಕೊಳ್ಳುತ್ತದೆ.

ಗೇಟಿನ ಸಂಗತಿ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2006ರ ವಂಚನೆ ಕಾಯ್ದೆ 2007ರ ಜನವರಿ 15ರಿಂದ ಜಾರಿಯಲ್ಲಿದೆ. ಅದರ 2ನೇ ಕಲಂ ಪ್ರಕಾರ ಲಾಭಕ್ಕಾಗಿಯೋ ಇನ್ನೊಬ್ಬರಿಗೆ ನಷ್ಟ ಮಾಡಲೆಂದೋ ಅಪ್ರಾಮಾಣಿಕವಾಗಿ ಸುಳ್ಳು ನಿರೂಪಣೆ ಮಾಡುವುದೇ ಅಪರಾಧ. ಬಾಯಿಬಿಟ್ಟು ಸುಳ್ಳು ಹೇಳಬೇಕೆಂದಿಲ್ಲ, ನಡತೆಯಿಂದ ಸೂಚಿಸಿದರೂ ಸಾಕು. ಕೊಂಡ ಬ್ಯಾಡ್ಜನ್ನು ಮಗುವಿನ ಅಂಗಿಗೆ ಸಿಕ್ಕಿಸಿ ಕೌಂಟರಿನ ಮುಂದೆ ನಿಲ್ಲಿಸುವುದು 'ಇದನ್ನು ಇವಳು ಗಳಿಸಿದ್ದಾಳೆ' ಎಂದು ಹೇಳಿದ ಹಾಗೆಯೇ. ಯತ್ನ ಫಲಿಸಿತೋ ಇಲ್ಲವೋ ಎಂಬುದು ಮುಖ್ಯವಲ್ಲ. 11ನೇ ಕಲಂ, ದುಡ್ಡು ಕೊಡಬೇಕಾದ ಸೇವೆಯನ್ನು ಅಪ್ರಾಮಾಣಿಕವಾಗಿ ಪಡೆಯುವುದನ್ನು ಹಿಡಿಯುತ್ತದೆ. ಮಾರುವವರು ಗಮನಿಸಬೇಕಾದದ್ದು 7ನೇ ಕಲಂ: ವಂಚನೆಗೆ ಬಳಕೆಯಾಗಲಿ ಎಂಬ ಉದ್ದೇಶದಿಂದ ವಸ್ತುವನ್ನು ಒದಗಿಸುವುದು, ಒದಗಿಸುತ್ತೇನೆಂದು ಮುಂದೆ ಬರುವುದು, ಎರಡೂ ಅಪರಾಧ. 'ಹಳೆಯ ಬ್ಯಾಡ್ಜ್, ಸಂಗ್ರಾಹಕರಿಗೆ' ಎಂದು ಬರೆಯುವುದಕ್ಕೂ 'ಇದನ್ನು ತೋರಿಸಿ 200 ಜಾಗಗಳಿಗೆ ಪುಕ್ಕಟೆ ಹೋಗಿ' ಎಂದು ಬರೆಯುವುದಕ್ಕೂ ಇರುವ ದೂರ ಇದೇ.

ಮಗುವಿನ ಗತಿ ಏನು? ಇಂಗ್ಲೆಂಡಿನಲ್ಲಿ 10, ಸ್ಕಾಟ್ಲೆಂಡಿನಲ್ಲಿ 12 ವರ್ಷ ತುಂಬದ ಮಕ್ಕಳನ್ನು ಅಪರಾಧಕ್ಕೆ ಹೊಣೆ ಮಾಡುವಂತಿಲ್ಲ. ಹೊಣೆ ಬರುವುದು ಕರೆತಂದ ದೊಡ್ಡವರ ಮೇಲೆ. ನಿಜ ಹೇಳಬೇಕೆಂದರೆ ಒಂದು ಟಿಕೆಟ್ಟಿನ ಬೆಲೆಗೆ ಯಾರೂ ಪೊಲೀಸರನ್ನು ಕರೆಯುವುದಿಲ್ಲ. ಹಿಂದಕ್ಕೆ ಕಳುಹಿಸುತ್ತಾರೆ, ಅಷ್ಟೇ. ಮಗುವಿನ ಕಣ್ಣೆದುರು ಹಾಗೆ ಹಿಂದಿರುಗುವುದಕ್ಕಿಂತ ದೊಡ್ಡ ಶಿಕ್ಷೆಯನ್ನು ಕಾಯ್ದೆ ಕೊಡಲಾರದು.

ಟ್ರೇಡ್ ಮಾರ್ಕ್ ಹಿಡಿದು ಮಾರಾಟವನ್ನೇ ನಿಲ್ಲಿಸಬಹುದಲ್ಲ ಎಂದು ಕೇಳುವವರಿದ್ದಾರೆ. ನಕಲಿ ಬ್ಯಾಡ್ಜ್ ಮಾಡಿ ಮಾರಿದರೆ ಖಂಡಿತ ನಿಲ್ಲಿಸಬಹುದು, 1994ರ ಟ್ರೇಡ್ ಮಾರ್ಕ್ ಕಾಯ್ದೆಯ 92ನೇ ಕಲಂ ಅದನ್ನು ಅಪರಾಧವೆಂದೇ ಎಣಿಸುತ್ತದೆ. ಅಸಲಿಯ ಮಾತು ಅಷ್ಟು ಸರಳವಲ್ಲ. ಮಾಲೀಕರೇ ಮಾರುಕಟ್ಟೆಗೆ ಬಿಟ್ಟ ವಸ್ತುವಿನ ಮರುಮಾರಾಟವನ್ನು ಸಾಮಾನ್ಯವಾಗಿ ಅವರು ತಡೆಯುವಂತಿಲ್ಲ. ಪುಕ್ಕಟೆ ಕೊಟ್ಟದ್ದನ್ನು 'ಮಾರುಕಟ್ಟೆಗೆ ಬಿಟ್ಟದ್ದು' ಎನ್ನಬಹುದೇ? ಸೌಂದರ್ಯವರ್ಧಕ ಕಂಪನಿ ಲೋರಿಯಲ್ ಮತ್ತು ಈಬೇ ನಡುವಿನ ಮೊಕದ್ದಮೆಯಲ್ಲಿ ಯೂರೋಪಿಯನ್ ನ್ಯಾಯಾಲಯ 2011ರ ಜುಲೈ 12ರಂದು ಇದಕ್ಕೆ ಹತ್ತಿರದ ಪ್ರಶ್ನೆಗೆ ಉತ್ತರ ಕೊಟ್ಟಿತು: ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲು ಕೊಟ್ಟ ಮಾದರಿ ಸೀಸೆಗಳು, ಬೇರೆ ಪುರಾವೆ ಇಲ್ಲದಿದ್ದರೆ, ಮಾರುಕಟ್ಟೆಗೆ ಬಿಟ್ಟವಲ್ಲ. ಆದರೆ ಆ ಸೀಸೆ ಅಂಗಡಿಯಲ್ಲೇ ಇರಬೇಕಾದದ್ದು, ಬ್ಯಾಡ್ಜ್ ಮಗುವಿಗೆ ಎಂದೆಂದಿಗೂ ಕೊಟ್ಟದ್ದು. ಆ ತೀರ್ಪನ್ನು ಹಾಗೆಯೇ ಎತ್ತಿ ಇಲ್ಲಿಗೆ ತಂದು ಕೂರಿಸುವುದು ಕಷ್ಟ. ಕೋರ್ಟಿನ ದಾರಿಗಿಂತ ಕಾರ್ಡಿನ ದಾರಿ ಅಗ್ಗವೂ ಹೌದು, ಬೇಗದ್ದೂ ಹೌದು.

ಪಟ್ಟಿ ಓದುವ ಬಗೆ

ಹರಾಜು ತಾಣಗಳಲ್ಲಿ ಬ್ಯಾಡ್ಜುಗಳ ಮಾರಾಟಕ್ಕೆ ನ್ಯಾಯವಾದ ಗಿರಾಕಿಗಳೂ ಇದ್ದಾರೆ. ಟಿವಿ ಇತಿಹಾಸದ ವಸ್ತು ಕೂಡಿಡುವವರು, ತಮ್ಮ ಬಾಲ್ಯದ ಬ್ಯಾಡ್ಜ್ ಕಳೆದುಕೊಂಡು ಅದರ ನೆನಪಿಗೊಂದು ಬೇಕೆನ್ನುವವರು. ಇವರಿಗೆ ಬೇಕಾದದ್ದು ಹಳೆಯದು, ಹಿನ್ನೆಲೆ ಇರುವುದು. ಪ್ರವೇಶದ ಆಸೆ ಹುಟ್ಟಿಸುವ ಪಟ್ಟಿಯನ್ನು (ಅಂದರೆ ಮಾರುವವರು ತಾಣದಲ್ಲಿ ಹಾಕುವ ಮಾರಾಟದ ಪ್ರಕಟಣೆಯನ್ನು) ಸಂಗ್ರಾಹಕರ ಪಟ್ಟಿಯಿಂದ ಬೇರೆ ಮಾಡಲು ಮೂರು ಸಂಗತಿ ನೋಡಿದರೆ ಸಾಕು. ವಿವರಣೆಯಲ್ಲಿ ಮಾತು ಇರುವುದು ಬ್ಯಾಡ್ಜಿನ ಬಗ್ಗೆಯೋ, ಝೂ ಬಗ್ಗೆಯೋ? ಒಬ್ಬರೇ ಎಷ್ಟು ಹೊಸ ಬ್ಯಾಡ್ಜ್ ಮಾರುತ್ತಿದ್ದಾರೆ? ಶಾಲಾ ರಜೆಗೆ ಸ್ವಲ್ಪ ಮುಂಚೆ ಪಟ್ಟಿ ಮೇಲೆ ಬಂದಿದೆಯೇ? ಒಬ್ಬ ಮನುಷ್ಯನಿಗೆ ಒಂದೇ ನೀಲಿ ಎಂಬುದು ಇಲ್ಲೂ ನೆನಪಿರಲಿ. ಒಂದು ಖಾತೆಯಲ್ಲಿ ಎಂಟು ಹೊಳೆಯುವ ನೀಲಿ ಇದ್ದರೆ ಒಂದೋ ಅವನ್ನು ಬೇರೆ ಕಡೆಯಿಂದ ಕೊಂಡದ್ದು, ಇಲ್ಲವೇ ಎಂಟು ಮಕ್ಕಳ ಹೆಸರು ಬಳಕೆಯಾಗಿದೆ, ಅದೂ ಇಲ್ಲದಿದ್ದರೆ ನಕಲಿ.

ನಕಲಿಯ ಗುರುತು ಸಾಮಾನ್ಯವಾಗಿ ಮುದ್ರಣದಲ್ಲಿ ಸಿಗುತ್ತದೆ. ಹಡಗಿನ ಹಗ್ಗ ಮತ್ತು ಹಾಯಿಯ ಗೆರೆಗಳು ಅಸಲಿಯಲ್ಲಿ ಹರಿತ, ಸ್ಕ್ಯಾನ್ ಮಾಡಿ ಅಚ್ಚು ಹಾಕಿದರೆ ಅಂಚು ಮೆತ್ತಗಾಗುತ್ತದೆ. ಹಿಂಬದಿಯ ಫೋಟೊ ಕೊಡದ ಪಟ್ಟಿಯನ್ನು ಕೈಬಿಡಿ. ಚಿನ್ನದ ಬ್ಯಾಡ್ಜ್ ಎಂದು ಹೇಳಿಕೊಂಡು ಯಾರಿಗೆ, ಯಾವಾಗ, ಯಾವುದಕ್ಕೆ ಸಿಕ್ಕಿತು ಎಂಬ ಕಾಗದ ತೋರಿಸದಿದ್ದರೆ ಅದಕ್ಕೆ ದುಡ್ಡು ಹಾಕುವುದು ಬೇಡ. ಅಷ್ಟು ಅಪರೂಪದ್ದಕ್ಕೆ ಕಥೆ ಇದ್ದೇ ಇರುತ್ತದೆ, ಪತ್ರವೂ ಇರುತ್ತದೆ.

ಉಚಿತ ಪ್ರವೇಶ ಸಿಗುತ್ತದೆಂಬ ಮಾತು ನಂಬಿ ಕೊಂಡು, ಗೇಟಿನಲ್ಲಿ ಕಾರ್ಡ್ ಕೇಳಿದಾಗ ಮೋಸ ಗೊತ್ತಾದವರು ಪಟ್ಟಿಯ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರೆ 'ವಿವರಣೆಗೆ ಹೊಂದದ ವಸ್ತು' ಎಂದು ತಾಣದಲ್ಲಿ ದೂರು ಕೊಟ್ಟು ಹಣ ವಾಪಸ್ ಕೇಳಬಹುದು. ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ. ಮಾರಾಟ ಮುಗಿದ ಮೇಲೆ ಪಟ್ಟಿ ಹುಡುಕುವುದು ಕಷ್ಟ.

ಇವೆಲ್ಲಕ್ಕಿಂತ ಅಪಾಯದ್ದು ಇನ್ನೊಂದಿದೆ, ಮಾರುವವರಿಗೇ ಅದು ಹೊಳೆಯುವುದಿಲ್ಲ. ಅಸಲಿ ಎಂದು ನಂಬಿಸಲು ಬ್ಯಾಡ್ಜಿನ ಪಕ್ಕದಲ್ಲಿ ಅದರೊಂದಿಗೆ ಬಂದ ಪತ್ರವನ್ನೋ ಮಗುವಿನ ಕಾರ್ಡನ್ನೋ ಇಟ್ಟು ಫೋಟೊ ತೆಗೆಯುತ್ತಾರೆ. ಪತ್ರದಲ್ಲಿ ಮಗುವಿನ ಹೆಸರು, ಮನೆಯ ವಿಳಾಸ ಇರಬಹುದು, ಕಾರ್ಡಿನಿಂದ ವಯಸ್ಸಿನ ಅಂದಾಜು ಸಿಗುತ್ತದೆ. ಪಟ್ಟಿ ಅಳಿಸಿದರೂ ಆ ಚಿತ್ರದ ಪ್ರತಿ ಯಾರ ಬಳಿಯೋ ಉಳಿಯುತ್ತದೆ. ಇಂಥದ್ದು ಕಂಡರೆ ಪಟ್ಟಿಯ ಕೊಂಡಿಯೊಂದಿಗೆ ತಾಣಕ್ಕೆ ವರದಿ ಮಾಡಿ, ಚಿತ್ರವನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ. ಹಳೆಯ ಬ್ಯಾಡ್ಜನ್ನು ಪತ್ರದ ಸಮೇತ ಮಾರುವ ದೊಡ್ಡವರೂ ವಿಳಾಸದ ಸಾಲುಗಳ ಮೇಲೆ ಕಾಗದದ ಚೂರು ಇಟ್ಟು ಫೋಟೊ ತೆಗೆಯುವುದು ಲೇಸು.

ಬ್ರಿಟನ್ನಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೆ

ಕೊಳ್ಳುವುದಕ್ಕಿಂತ ಗಳಿಸುವುದು ಸುಲಭ. ಹೀಗೆ ಹೇಳಿದರೆ ತಮಾಷೆ ಅನ್ನಿಸಬಹುದು, ಆದರೆ ಲೆಕ್ಕವೂ ಅದೇ ಹೇಳುತ್ತದೆ: ಕೊಂಡದ್ದಕ್ಕೆ ಕಾರ್ಡ್ ಬರುವುದಿಲ್ಲ, ಗಳಿಸಿದ್ದಕ್ಕೆ ಬರುತ್ತದೆ. ಮಗುವಿನ ಕೈಬರಹ, ಮಗುವಿನ ಚಿತ್ರ, ಮಗುವಿನ ಕಾಗುಣಿತದ ತಪ್ಪು, ಎಲ್ಲವೂ ಇದ್ದ ಹಾಗೆಯೇ ಹೋಗಲಿ. ತಿದ್ದಿ ಹೊಳಪು ಕೊಟ್ಟ ಪತ್ರ ದೊಡ್ಡವರದೆಂದು ಓದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. 'ನಿಮ್ಮ ಕಾರ್ಯಕ್ರಮ ಚೆನ್ನಾಗಿದೆ' ಎಂಬ ಪತ್ರ ಸಾವಿರ ಬರುತ್ತವೆ. ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಹೇಗೆ ಮಾಡಿದೆವು, ಪಾಕ ಏಕೆ ಹದ ತಪ್ಪಿತು ಎಂದು ಚಿತ್ರ ಬರೆದು ವಿವರಿಸಿದ ಪತ್ರ ಒಂದೇ ಬರುತ್ತದೆ. ಉತ್ತರಕ್ಕೆ ವಾರಗಳು ಹಿಡಿಯುತ್ತವೆ. ಹಾಗಾಗಿ ಬೇಸಿಗೆ ರಜೆಯ ತಿರುಗಾಟಕ್ಕೆ ಬೇಕೆಂದರೆ ವಸಂತದ ಹೊತ್ತಿಗೇ ಬರೆದಿರಬೇಕು, ಬ್ಯಾಡ್ಜ್ ಬಂದ ಮೇಲೆ ಕಾರ್ಡ್ ಕೈಸೇರಲು ಬೇಕಾಗುವ ಕಾಲವನ್ನೂ ಸೇರಿಸಿಕೊಳ್ಳಿ.

ಹೊರಡುವ ಮುಂಚೆ ಹೋಗಲಿರುವ ಜಾಗದ ವೆಬ್‌ಸೈಟಿನಲ್ಲಿ ನಾಲ್ಕು ವಿಷಯ ನೋಡಿಕೊಳ್ಳಿ: ಈಗಲೂ ಯೋಜನೆಯಲ್ಲಿದೆಯೇ, ದಿನಾಂಕ ಮೊದಲೇ ಕಾಯ್ದಿರಿಸಬೇಕೇ, ದೊಡ್ಡವರೊಬ್ಬರು ಟಿಕೆಟ್ ಕೊಳ್ಳಬೇಕೇ, ವಿಶೇಷ ಕಾರ್ಯಕ್ರಮದ ದಿನಗಳಿಗೆ ಅನ್ವಯಿಸುತ್ತದೆಯೇ. ಬ್ಯಾಡ್ಜ್ ಮತ್ತು ಕಾರ್ಡ್ ಎರಡೂ ಜೊತೆಗಿರಲಿ. ತಮ್ಮನಿಗೂ ಇರಲಿ ಎಂದು ಅಕ್ಕನ ಕಾರ್ಡ್ ತೋರಿಸಬೇಡಿ. ಅವನಿಗೂ ಒಂದು ಕಾಗದ, ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿ. ಕಾರ್ಡ್ ಕಳೆದರೆ ಮೊದಲು ಕಾರ್ಯಕ್ರಮಕ್ಕೆ ತಿಳಿಸಿ. ಅವರ ಬಳಿ ದಾಖಲೆ ಇರುತ್ತದೆ, ಹರಾಜು ತಾಣದಲ್ಲಿ ಇನ್ನೊಂದು ಹುಡುಕುವ ಅಗತ್ಯವೇ ಇಲ್ಲ.

ಹಳೆಯ ಬಟ್ಟೆಯ ಅಂಗಡಿಯಲ್ಲಿ ಕೊಂಡ ಮಕ್ಕಳ ಕೋಟಿಗೆ ಬ್ಯಾಡ್ಜ್ ಸಿಕ್ಕಿಕೊಂಡೇ ಬಂದಿದ್ದರೆ ಅಂಗಡಿಗೆ ಮರಳಿಸಿ ನೋಡಿ, ಮಗು ಹುಡುಕುತ್ತಾ ಬಂದಿರಬಹುದು. ಯಾರೂ ಬರದಿದ್ದರೆ ಕೋಟಿನ ಮೇಲೆಯೇ ಇರಲಿ. ಟಿಕೆಟ್ ಮಾತ್ರ ಕೌಂಟರಿನಲ್ಲಿ ಕೊಳ್ಳಿ.